ಗೂಡು ಬೇಯುವ ಬೀದಿಯ ಫ್ರೆಂಚ್ ಪಾಠ

ಬೇಯುವ ರೇಷ್ಮೆ ಗೂಡಿನ ವಾಸನೆ ಒಳ್ಳೆಯ ವಾಸನೆಯೆಂದು ಯಾರೂ ಹೇಳುವುದಿಲ್ಲ. ನಾನೂ ಹೇಳುವುದಿಲ್ಲ. ಹೊಸಬರು ಮೂಗಿಗೆ ಕರ್ಚೀಫು ಹಿಡಿದು ಬೇಗ ಬೇಗ ದಾಟುವ ಬೀದಿ ಅದು. ಈ ಸಲ ರಜೆಗೆ ಬಂದವನು ಹೆಂಡತಿ ಸವಿತಾಳನ್ನು ಕರೆದುಕೊಂಡು ರಾಮನಗರದ ಆ ಬೀದಿಗೆ ಕಾಲಿಟ್ಟೆನೋ ಇಲ್ಲವೋ, ಹುಳು ಬೆಂದ ಆ ಹಸಿಹಸಿ ಬಿಸಿ ಗಾಳಿ ಮೂಗಿಗೆ ಬಡಿಯಿತು. ನನ್ನ ಬಾಯಿಂದ ತಾನಾಗಿಯೇ ‘ಬೋಂಜೂರ್ ಮೇಷ್ಟ್ರೇ’ ಎಂದು ಹೊರಟಿತು. ಎದುರಿಗೆ ಯಾರೂ ಇರಲಿಲ್ಲ. ಒಂದು ಮೇಕೆ ಇತ್ತು.

‘ಮೇಕೆಗ್ಯಾಕ್ರೀ ಬೋಂಜೂರು?’ ಎಂದಳು ಸವಿತಾ.

ಅವಳಿಗೇನು ಗೊತ್ತು. ನಾನು ಫ್ರೆಂಚ್ ಕಲಿತದ್ದು ಈ ವಾಸನೆಯಲ್ಲಿ. ಕ್ವಿಬೆಕ್‌ಗೆ ಹೋಗಿ ಏಳು ವರ್ಷವಾದರೂ, ಅಲ್ಲಿನ ಕಾರ್ಖಾನೆಯಲ್ಲಿ ಹಿಮ ಸುರಿಯುವ ಬೆಳಿಗ್ಗೆ ಯಾರಾದರೂ ‘ಬೋಂಜೂರ್’ ಎಂದಾಗ ನನಗೆ ಮೊದಲು ಮೂಗಿಗೆ ಬರುವುದು ರಾಮನಗರದ ಗೂಡು. ಅಲ್ಲಿಯವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ, ಹೇಳಲೂ ಹೋಗಿಲ್ಲ.

ಬೀದಿಯ ಮಧ್ಯದಲ್ಲಿ ಒಂದು ನೂಲು ಬಿಚ್ಚುವ ಘಟಕ. ಕೆಳಗೆ ಬಿಸಿನೀರಿನ ತೊಟ್ಟಿಗಳು, ತಿರುಗುವ ರಾಟೆಗಳು, ಹಬೆ. ಪಕ್ಕಕ್ಕೆ ಹನ್ನೆರಡು ಮೆಟ್ಟಿಲಿನ ಕಡಿದಾದ ಮೆಟ್ಟಿಲುಸಾಲು. ಅದರ ಮೇಲೊಂದು ಕೋಣೆ. ಈಗ ಅಲ್ಲಿ ಗೂಡಿನ ಚೀಲ ತುಂಬಿಟ್ಟಿದ್ದಾರೆ. ಆಗ ಅಲ್ಲಿ ಕೆಂಪಯ್ಯ ಮೇಷ್ಟ್ರು ಬಾಡಿಗೆಗಿದ್ದರು. ಮೇಷ್ಟ್ರು ಅನ್ನುವುದು ನಾವು ಕೊಟ್ಟ ಬಿರುದು. ಅವರು ಶಾಲೆಯಲ್ಲಿ ಪಾಠ ಹೇಳಿದವರಲ್ಲ. ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯವರು, ಬಾಯ್ಲರ್ ಫಿಟ್ಟರ್. ಅಲ್ಜೀರಿಯಾದ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ದುಡಿದು, ಅಲ್ಲಿಯವರ ಬಾಯಿಂದ ಫ್ರೆಂಚ್ ಹೆಕ್ಕಿಕೊಂಡು ಬಂದವರು. ಅವರ ಫ್ರೆಂಚಿನಲ್ಲಿ ಪೈಪು, ಸ್ಪ್ಯಾನರು, ಕುಕ್ಕರಿನ ಹಾಗೆ ಸಿಡಿಯುವ ಬೈಗುಳ ಎಲ್ಲ ಇದ್ದವು. ಮೇಷ್ಟ್ರು ತೀರಿಕೊಂಡು ಎರಡು ವರ್ಷವಾಯಿತು. ಸುದ್ದಿ ನನಗೆ ಇಮ್ತಿಯಾಜನ ವಾಟ್ಸ್ಯಾಪಿನಲ್ಲಿ ಬಂತು, ಒಂದೇ ಸಾಲಿನಲ್ಲಿ.

ಇಮ್ತಿಯಾಜ್ ಚನ್ನಪಟ್ಟಣದವನು. ಐಟಿಐನಲ್ಲಿ ನಾವಿಬ್ಬರೂ ಟರ್ನರ್ ಟ್ರೇಡು, ಅಂದರೆ ಲೇಥ್ ಯಂತ್ರದಲ್ಲಿ ಲೋಹ ಕಡೆಯುವ ಕೆಲಸ, ಒಂದೇ ಬೆಂಚು. ನಾನು ಮರಳವಾಡಿ ಕಡೆಯ ರೈತರ ಮಗ. ಲೇಥ್ ಅಂದರೆ ಏನೆಂದು ಐಟಿಐ ಸೇರಿದ ಮೇಲೆ ನೋಡಿದವನು. ಅವನು ಲೇಥಿನ ಪಕ್ಕದಲ್ಲಿ ಹುಟ್ಟಿದವನು. ಅವರ ಮನೆಯಲ್ಲಿ ಅಬ್ಬಾಜಾನ್ ಮರದ ಬೊಂಬೆ ಕಡೆಯುತ್ತಿದ್ದರು. ತಿರುಗುವ ಮರಕ್ಕೆ ಉಳಿ ಹಿಡಿಯುವುದನ್ನು ಅವನು ಅನ್ನ ಕಲೆಸುವುದರ ಜೊತೆಗೇ ಕಲಿತಿದ್ದ. ಐಟಿಐ ಮುಗಿದ ಕೂಡಲೇ ನಾನು ಬಿಡದಿಯ ಕಾರ್ಖಾನೆ ಸೇರಿ ಪರ್ಮನೆಂಟ್ ಆದೆ. ಅವನು ಅಬ್ಬಾಜಾನ್ ಕೈ ನಡುಗುತ್ತಿತ್ತೆಂದು ನಾಲ್ಕು ವರ್ಷ ಮನೆಯ ಲೇಥಿನಲ್ಲೇ ಉಳಿದು, ಆಮೇಲೆ ಬಂದ. ಅಷ್ಟರಲ್ಲಿ ಕಾರ್ಖಾನೆಯವರು ಯಾರನ್ನೂ ಪರ್ಮನೆಂಟ್ ಮಾಡುವುದನ್ನು ನಿಲ್ಲಿಸಿದ್ದರು. ಹನ್ನೊಂದು ತಿಂಗಳಿಗೊಮ್ಮೆ ಅವನನ್ನು ಬಿಡಿಸುವುದು, ಒಂದು ತಿಂಗಳು ಬಿಟ್ಟು ಮತ್ತೆ ಸೇರಿಸಿಕೊಳ್ಳುವುದು. ಕಷ್ಟದ ಜಾಬ್ ಬಂದರೆ ಮಾತ್ರ ಸಾಹೇಬರು ನನ್ನನ್ನು ದಾಟಿಕೊಂಡು ಅವನ ಮಿಷನ್ ಹತ್ತಿರ ಹೋಗುತ್ತಿದ್ದರು. ನನಗಿಂತ ಒಳ್ಳೆಯ ಕೆಲಸಗಾರ ಅವನು. ಇದನ್ನು ನಾನು ವಿನಯಕ್ಕೆ ಹೇಳುತ್ತಿಲ್ಲ.

ನಾನು ಊರು ಬಿಡುವ ಹಿಂದಿನ ವರ್ಷ ರಾಗಿ ಕೊಯ್ಲಿನ ಹೊತ್ತಿಗೆ ಕ್ಯಾಂಟೀನಿನಲ್ಲಿ ಅವನು ನನ್ನ ತಟ್ಟೆಯ ಎದುರು ಬಂದು ಕೂತ. ನಮ್ಮ ಹಳೆಯ ಸೂಪರ್‌ವೈಸರ್ ಒಬ್ಬರು ಕೆನಡಾದ ಕ್ವಿಬೆಕ್‌ಗೆ ಹೋಗಿ ನೆಲೆಸಿದ್ದರು. ಅವರ ಫೋನ್ ಬಂದಿತ್ತು.

‘ಲೇ ಲಿಂಗ, ಅಲ್ಲಿ ಟರ್ನರ್‌ಗಳು ಸಿಕ್ತಿಲ್ವಂತೆ ಕಣ್ಲಾ. ಮೂರು ಜನ ಬೇಕಂತೆ. ಸಂಸಾರನೂ ಕರ್ಕೊಂಡೋಗ್ಬೋದಂತೆ. ಆದ್ರೆ ಫ್ರೆಂಚ್ ಬರ್ಬೇಕು.’

‘ನಮ್ಗೆ ಇಂಗ್ಲಿಷೇ ನೆಟ್ಗೆ ಬರಲ್ಲ, ಫ್ರೆಂಚ್ ಎಲ್ಲಿಂದ್ಲಾ ತರಾದು?’

‘ಅದೇ ಒಳ್ಳೇದು. ಇಂಗ್ಲಿಷ್ ಬರೋರೆಲ್ಲ ಬೇರೆ ಕಡೀಕೆ ಹೋಯ್ತಾರೆ. ಫ್ರೆಂಚ್ ಯಾರ್ಗೂ ಬರಲ್ಲ. ಇದ್ರಾಗೆ ಎಲ್ರೂ ದಡ್ರೇ. ನಾನು ಹನ್ನೊಂದು ಹನ್ನೊಂದು ತಿಂಗ್ಳು ಎಣ್ಸಿ ಸಾಕಾಗೈತೆ ಕಣ್ಲಾ. ಒಂದ್ಕಡೆ ಕುಂತು ಕೆಲ್ಸ ಮಾಡ್ಬೇಕು.’

ಕೆಂಪಯ್ಯ ಮೇಷ್ಟ್ರನ್ನು ಹುಡುಕಿದವನೂ ಅವನೇ. ಗೂಡಿನ ಮಾರುಕಟ್ಟೆಯ ಎದುರಿನ ಟೀ ಅಂಗಡಿಯಲ್ಲಿ ಯಾರೋ ಮುದುಕರು ಅರ್ಥವಾಗದ ಭಾಷೆಯಲ್ಲಿ ಬೈಯುತ್ತಾರೆ ಎಂದು ಯಾರೋ ಹೇಳಿದ್ದೇ ಸಾಕಾಯಿತು. ಹೋಗಿ ಕಾಲಿಗೆ ಬಿದ್ದ. ‘ಪಾಠಗೀಠ ನಂಗೆ ಬರಕ್ಕಿಲ್ಲ. ಮಾತಾಡ್ತೀನಿ, ನೀವೂ ಮಾತಾಡಿ’ ಎಂದರಂತೆ.

ಮೊದಲ ಪಾಳಿ ಇದ್ದ ವಾರಗಳಲ್ಲಿ ಎರಡು ಗಂಟೆಗೆ ಕೆಲಸ ಬಿಟ್ಟು, ಪ್ಯಾಸೆಂಜರ್ ರೈಲು ಹಿಡಿದು, ನಾಲ್ಕಕ್ಕೆ ಮೇಷ್ಟ್ರ ಮೆಟ್ಟಿಲು ಹತ್ತುತ್ತಿದ್ದೆವು. ಚಳಿಗಾಲದಲ್ಲಿ ಆ ಕೋಣೆ ಸ್ವರ್ಗ. ಕೆಳಗಿನ ಹಬೆಗೆ ನೆಲವೇ ಬೆಚ್ಚಗಿರುತ್ತಿತ್ತು. ಬೇಸಿಗೆ ಬಂದಾಗ ಅದೇ ಕೋಣೆ ಕಾದ ಹಂಚಾಯಿತು. ಊರ ಸುತ್ತಲಿನ ಬಂಡೆಗಳು ಹಗಲೆಲ್ಲ ಕುಡಿದ ಬಿಸಿಲನ್ನು ಸಂಜೆ ಕಕ್ಕುತ್ತಿದ್ದವು. ಮಾವಿನ ಕಾಲದಲ್ಲಿ ಮೇಷ್ಟ್ರು ಬಾದಾಮಿ ಹಣ್ಣು ಕೊಯ್ದು ತಟ್ಟೆಯಲ್ಲಿಟ್ಟು, ಅದರ ಹೆಸರು, ಬಣ್ಣ, ಓಟೆ, ಸಿಪ್ಪೆ ಎಲ್ಲವನ್ನೂ ಫ್ರೆಂಚಿನಲ್ಲಿ ಹೇಳಿದ ಮೇಲೆಯೇ ತಿನ್ನಲು ಕೊಡುತ್ತಿದ್ದರು. ನನಗೆ ಓಟೆಯ ಮಾತು ಯಾವತ್ತೂ ನೆನಪಾಗುತ್ತಿರಲಿಲ್ಲ. ಇಮ್ತಿಯಾಜ್ ನನ್ನ ಪಾಲನ್ನೂ ತಿನ್ನುತ್ತಿದ್ದ.

ಫ್ರೆಂಚಿನಲ್ಲಿಯೂ ನಮ್ಮ ಹಾಗೆ ನೀನು, ನೀವು ಎರಡೂ ಇವೆ. ಮೇಷ್ಟ್ರಿಗೆ ‘ನೀನು’ ಮಾತ್ರ ಬರುತ್ತಿತ್ತು. ‘ಅವ್ವುಂಗೆ, ದ್ಯಾವ್ರಿಗೆ, ಫೋರ್‌ಮನ್‌ಗೆ ನೀನು ಅಂದ್ರೇನೇ ಚಂದ’ ಎನ್ನುವುದು ಅವರ ಸಿದ್ಧಾಂತ. ‘ನೀವು’ ಅನ್ನು ಇಮ್ತಿಯಾಜ್ ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತು ನನಗೆ ಕಲಿಸಿದ. ಮೇಷ್ಟ್ರಿಗೆ ತುಂಬ ಇಷ್ಟವಾದದ್ದು ‘ಶೇ ನೂ’ ಎಂಬ ಮಾತು. ನಮ್ಮಲ್ಲಿ, ನಮ್ಮ ಕಡೆ ಎಂದರ್ಥ. ದಿನವೂ ಅದರಿಂದ ಐದು ವಾಕ್ಯ ಮಾಡಬೇಕಿತ್ತು. ‘ಶೇ ನೂ’ ರಾಗಿ ಮುದ್ದೆ ನುಂಗುತ್ತಾರೆ, ಅಗಿಯುವುದಿಲ್ಲ. ‘ಶೇ ನೂ’ ಮಳೆಗೆ ಹೆಸರಿಡುತ್ತಾರೆ. ‘ಶೇ ನೂ’ ಅತ್ತೆಯ ಹೆಸರು ಹೇಳುವುದಿಲ್ಲ. ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಅಲ್ಜೀರಿಯಾದಲ್ಲಿ ಹದಿನಾಲ್ಕು ವರ್ಷ ಅವರು ಊರಿನ ಬಗ್ಗೆ ಹೀಗೇ ಹೇಳಿಕೊಂಡು ಬದುಕಿದ್ದಿರಬೇಕು. ಈಗ ನಾನು ಅದನ್ನೇ ಮಾಡುತ್ತಿದ್ದೇನೆ, ಊಟದ ಬಿಡುವಿನಲ್ಲಿ, ದಿನವೂ.

ಒಂದು ಸಂಜೆ ಪಾಠ ಮುಗಿದು ಎದ್ದಾಗ ಇಮ್ತಿಯಾಜ್ ಹೊಸದಾಗಿ ಕಲಿತದ್ದನ್ನು ತೋರಿಸಿಕೊಳ್ಳಲು ‘ಜ ಪಾರ್, ಮೇಷ್ಟ್ರೇ’ ಎಂದ. ನಾನು ಹೊರಟೆ, ಹೋಗುತ್ತೇನೆ ಎಂದು. ವ್ಯಾಕರಣದಲ್ಲಿ ತಪ್ಪೇನೂ ಇರಲಿಲ್ಲ. ಮೇಷ್ಟ್ರು ಬೀಡಿ ಬಿಸಾಕಿ ಎದ್ದು ನಿಂತರು.

‘ದೀಪ ಹಚ್ಚೋ ಹೊತ್ನಾಗೆ, ಹೊಸ್ಲು ಮ್ಯಾಲೆ ನಿಂತ್ಕಂಡು, ಹೋಯ್ತೀನಿ ಅಂತೀಯೇನ್ಲಾ? ಬತ್ತೀನಿ ಅನ್ನು!’

‘ಫ್ರೆಂಚಾಗೆ ಹಂಗಿಲ್ವಲ್ಲ ಮೇಷ್ಟ್ರೇ.’

‘ಫ್ರೆಂಚ್ ಅವ್ರ್ದು. ನಾಲ್ಗೆ ಯಾರ್ದ್ಲಾ? ನಿಂದು. ಅನ್ನು: ಜ ವೆ ಎ ಜ ರವ್ಯಾಂ. ಹೋಗಿ ಬತ್ತೀನಿ.’

ಇಮ್ತಿಯಾಜ್ ಕೆನ್ನೆ ಕೆನ್ನೆ ಬಡಿದುಕೊಂಡು ಹಾಗೇ ಹೇಳಿದ. ಅವರ ಮನೆಯಲ್ಲೂ ಅದೇ ರೂಢಿ; ಉರ್ದುವಿನಲ್ಲಿ ‘ಜಾಕೇ ಆತೌಂ’ ಎನ್ನದೆ ಹೊರಬಿದ್ದರೆ ಅಮ್ಮೀಜಾನ್ ಹಿಂದಕ್ಕೆ ಕರೆದು ಹೇಳಿಸುತ್ತಿದ್ದರು. ಅಂದಿನಿಂದ ದಿನವೂ ಮೆಟ್ಟಿಲಿಳಿಯುವಾಗ ಇಬ್ಬರೂ ಒಟ್ಟಿಗೆ ‘ಜ ವೆ ಎ ಜ ರವ್ಯಾಂ’ ಎಂದು ಕೂಗುತ್ತಿದ್ದೆವು. ನೂಲು ಬಿಚ್ಚುವ ಹೆಂಗಸರು ಹಬೆಯೊಳಗಿಂದ ಅದನ್ನೇ ನಮ್ಮ ದನಿಯಲ್ಲಿ ಅಣಕಿಸಿ ನಗುತ್ತಿದ್ದರು. ನಾನು ಅಷ್ಟು ಹಗುರಾಗಿ ಮತ್ತೆಂದೂ ಮೆಟ್ಟಿಲಿಳಿದಿಲ್ಲ.

ಕ್ವಿಬೆಕ್‌ನ ಕಾರ್ಖಾನೆಯ ಯಜಮಾನರು ವಿಡಿಯೋದಲ್ಲಿ ಸಂದರ್ಶನ ಮಾಡುವುದೆಂದು ಗೊತ್ತಾಯಿತು. ಮೇ ತಿಂಗಳ ಒಂದು ಸಂಜೆ ಆರು ಗಂಟೆಗೆ. ಅವರಿಗೆ ಬೆಳಿಗ್ಗೆ ಎಂಟೂವರೆ. ಮೇಷ್ಟ್ರ ಕೋಣೆಯಲ್ಲೇ ಲ್ಯಾಪ್‌ಟಾಪ್ ಇಟ್ಟೆವು. ಕೆಳಗಿನ ಘಟಕದ ಯಜಮಾನರು, ‘ನಿಮ್ಮ ಕೆಲ್ಸ ಆಗ್ಲಪ್ಪ’ ಎಂದು ಒಂದು ಗಂಟೆ ರಾಟೆಗಳನ್ನೆಲ್ಲ ನಿಲ್ಲಿಸಿಬಿಟ್ಟರು. ಆ ಬೀದಿಯಲ್ಲಿ ಅಂಥ ನಿಶ್ಶಬ್ದವನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮೇಷ್ಟ್ರಿಗೆ ಕೂರಲಾಗಲಿಲ್ಲ; ಕೆಳಗೆ ರಸ್ತೆಯಲ್ಲಿ ಬೀಡಿ ಸೇದುತ್ತಾ ಅತ್ತಿಂದಿತ್ತ ಓಡಾಡುತ್ತಿದ್ದರು. ಮೊದಲು ಇಮ್ತಿಯಾಜ್ ಒಳಗೆ ಹೋದ. ಸೆಖೆಗೆ ಬಾಗಿಲು ತೆರೆದೇ ಇತ್ತು. ನಾನು ಮೇಲಿನ ಮೆಟ್ಟಿಲಿನ ಮೇಲೆ ಕೂತಿದ್ದೆ.

ಏನು ಮಾತಾಡಿದ ಅಂತೀರಿ! ಡ್ರಾಯಿಂಗ್ ತೋರಿಸಿ ಕೇಳಿದರು, ಹೇಳಿದ. ಉಕ್ಕಿಗೂ ಹಿತ್ತಾಳೆಗೂ ಟೂಲ್ ಹೇಗೆ ಬದಲಾಯಿಸುತ್ತೀರಿ ಎಂದರು, ಹೇಳಿದ. ಬೊಂಬೆ ಕಡೆಯುವುದರ ಬಗ್ಗೆ ಕೇಳಿದಾಗ ಅವನ ದನಿಯೇ ಬೇರೆಯಾಯಿತು. ಆ ಕಡೆಯವರೂ ನಕ್ಕರು. ಕೊನೆಗೆ ಅವರು, ‘ಹಾಗಾದರೆ ನೀವು ಆ ಊರು ಬಿಟ್ಟು ಹೊರಡುತ್ತೀರಿ ತಾನೇ?’ ಎಂದು ಕೇಳಿದರು.

‘ವೀ ಮಸ್ಯೋ,’ ಎಂದ ಇಮ್ತಿಯಾಜ್, ಹೌದು ಸಾರ್ ಎಂದು. ‘ಜ ವೆ ಎ ಜ ರವ್ಯಾಂ.’

ಆ ಕಡೆಯವರು ಮತ್ತೆ ಕೇಳಿದರು: ‘ವಾಪಸ್ಸು ಬರುತ್ತೀರಾ?’

‘ಖಂಡಿತ ಮಸ್ಯೋ, ಖಂಡಿತ’ ಎಂದ ಇವನು, ತುಂಬು ಮರ್ಯಾದೆಯಿಂದ.

ನನಗೆ ಮೊದಲು ನಗು ಬಂತು. ಎಷ್ಟು ಸರಿಯಾಗಿ ಹೇಳಿದ ಅನ್ನಿಸಿತು. ಆಮೇಲೆ ಅವರು ಕೇಳಿದ್ದೇನೆಂಬುದು ಹೊಳೆಯಿತು. ಅಲ್ಲಿಯೇ ನೆಲೆಸುವವರು ಬೇಕು ಎಂದು ಕೇಳುತ್ತಿದ್ದವರಿಗೆ ಇವನು ಹಿಂದಿರುಗಿ ಬರುತ್ತೇನೆ ಎಂದಿದ್ದ, ಅದೂ ಎರಡು ಸಲ. ಅವನಿಗೆ ಅದು ಗೊತ್ತೇ ಇರಲಿಲ್ಲ. ಹೊರಗೆ ಬಂದು ನನ್ನ ಬೆನ್ನು ತಟ್ಟಿ, ‘ಒಳ್ಳೇ ಮನ್ಸ ಕಣ್ಲಾ, ಹೆದ್ರುಬ್ಯಾಡ’ ಎಂದ. ನಾನು ಒಳಗೆ ಹೋದೆ.

ನನ್ನ ಸರದಿ ಮುಗಿಯುವ ಹೊತ್ತಿಗೆ ಯಜಮಾನರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಹೇಳಿದರು: ‘ನಿಮ್ಮ ಗೆಳೆಯ ಬಹಳ ಒಳ್ಳೆಯ ಕೆಲಸಗಾರ. ಆದರೆ ವಾಪಸ್ಸು ಹೋಗುತ್ತಾರಂತೆ. ನೀವು?’

ಉತ್ತರ ನನ್ನ ನಾಲಿಗೆಯ ಮೇಲೇ ಇತ್ತು. ‘ಶೇ ನೂ’ ಎಂದು ಶುರು ಮಾಡಿದ್ದರೆ ಸಾಕಿತ್ತು. ನಮ್ಮಲ್ಲಿ ಹೋಗುತ್ತೇನೆ ಅನ್ನುವುದಿಲ್ಲ ಮಸ್ಯೋ, ಹೋಗಿ ಬರುತ್ತೇನೆ ಅನ್ನುತ್ತೇವೆ, ಅದು ಮರ್ಯಾದೆಯ ಮಾತು. ಇಂಥ ವಾಕ್ಯವನ್ನು ನಾನು ಆರು ತಿಂಗಳಿಂದ ದಿನಕ್ಕೈದು ಮಾಡಿದ್ದೆ. ಮೂರು ಜನ ಬೇಕಿತ್ತು, ಇದ್ದದ್ದು ನಾವಿಬ್ಬರು. ಅವನು ಬಂದರೆ ನನ್ನದೇನೂ ಹೋಗುತ್ತಿರಲಿಲ್ಲ. ಆದರೆ ನಮ್ಮಲ್ಲಿ ಎಲ್ಲರೂ ಹಾಗೇ ಅನ್ನುತ್ತೇವೆ ಎಂದುಬಿಟ್ಟರೆ ನನ್ನ ಮೇಲೂ ಅನುಮಾನ ಬಂದೀತು ಎಂಬ ಹೆದರಿಕೆ. ಅಷ್ಟೇ. ದೊಡ್ಡ ಕಾರಣ ಏನೂ ಇಲ್ಲ.

‘ಮ್ವಾ, ಜ ರೆಸ್ತ್’ ಎಂದೆ.

ಜ ರೆಸ್ತ್ ಅಂದರೆ ಅಲ್ಲೇ ಉಳಿಯುತ್ತೇನೆ. ಅದನ್ನಷ್ಟೇ ಹೇಳಿದ್ದರೂ ಆಗುತ್ತಿತ್ತು. ಆ ಮೊದಲಿನ ‘ಮ್ವಾ’ ಇದೆಯಲ್ಲ, ಅದಕ್ಕೆ ‘ನಾನಾದರೆ’ ಎಂದರ್ಥ. ಅವನ ಹಾಗಲ್ಲ, ನಾನಾದರೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮವ್ವ ಹೇಳುತ್ತಿದ್ದಳು. ಆವತ್ತು ಒಂದು ಮಾತು ಆಡಿ ಕೆಟ್ಟೆ, ಇನ್ನೊಂದು ಆಡದೆ ಕೆಟ್ಟೆ.

ಮೂರನೇ ವಾರಕ್ಕೆ ಮೇಲ್ ಬಂತು. ನನಗೆ ಕೆಲಸ, ಅವನಿಗೆ ಧನ್ಯವಾದ. ಮೇಷ್ಟ್ರು ನಂಬಲಿಲ್ಲ. ‘ಇವ್ನು ನನ್ಗಿಂತ ಸಂದಾಗಿ ಮಾತಾಡ್ತಾನಲ್ಲೋ! ಏನ್ಲಾ ಕೇಳುದ್ರು ಅವ್ರು? ಎಲ್ಲಿ ತಪ್ಪೋಯ್ತು?’ ಎಂದು ನನ್ನನ್ನೇ ಕೇಳಿದರು. ‘ಗೊತ್ತಿಲ್ಲ ಮೇಷ್ಟ್ರೇ’ ಎಂದೆ. ಇಮ್ತಿಯಾಜ್ ಕಿಟಕಿಯ ಹೊರಗೆ ನೋಡುತ್ತಿದ್ದ. ಅಲ್ಲಿಂದಲೇ, ‘ಒಬ್ರುದಾದ್ರೂ ಆಯ್ತಲ್ಲ ಬುಡಿ’ ಎಂದ.

ನನ್ನ ಕಾಗದಪತ್ರ, ವೀಸಾ ಎಲ್ಲ ಮುಗಿಯಲು ಇನ್ನೂ ಐದು ತಿಂಗಳು ಹಿಡಿಯಿತು. ಆ ಐದು ತಿಂಗಳೂ ಅವನು ಪಾಠಕ್ಕೆ ಬಂದ. ಅವನಿಗೆ ಬೇಕಾಗಿರಲಿಲ್ಲ, ನನಗೋಸ್ಕರ ಬಂದ. ಮಳೆಯಲ್ಲಿ ನೆನೆದುಕೊಂಡು ಮೆಟ್ಟಿಲು ಹತ್ತಿ, ಒದ್ದೆ ತಲೆಯಲ್ಲೇ ನನ್ನೆದುರು ಕೂತು ವೀಸಾ ಆಫೀಸರನ ಪಾರ್ಟು ಮಾಡುತ್ತಿದ್ದ. ಹೆಸರೇನು, ಹೆಂಡತಿಯ ಹೆಸರೇನು, ಎಲ್ಲಿ ಕೆಲಸ, ಎಷ್ಟು ವರ್ಷ. ನಾನು ತಡವರಿಸಿದರೆ ಮತ್ತೆ ಕೇಳುತ್ತಿದ್ದ. ಯಾಕೋ ಊರು ಬಿಟ್ಟು ಹೊರಡುತ್ತೀರಾ ಎಂಬುದೊಂದನ್ನು ಮಾತ್ರ ಕೇಳುತ್ತಿರಲಿಲ್ಲ. ಹೊರಡುವ ದಿನ ಬೆಂಗಳೂರಿನ ವಿಮಾನ ನಿಲ್ದಾಣದವರೆಗೂ ಬಂದ. ಸವಿತಾಳ ಬ್ಯಾಗು ಹೊತ್ತ. ಅಂಥ ಗೆಳೆಯನನ್ನು ಪಡೆದದ್ದಕ್ಕೆ ವಿಮಾನದಲ್ಲಿ ನಾನು ಅತ್ತೆ. ನಾಚಿಕೆಗೂ ಅತ್ತೆ. ಮುಂದಿನ ವಾರ ಫೋನ್ ಮಾಡಿ ಎಲ್ಲ ಹೇಳಿಬಿಡುತ್ತೇನೆ ಅಂದುಕೊಂಡೆ. ಏಳು ವರ್ಷ ಮುಂದಿನ ವಾರವಾಗಿಯೇ ಕಳೆಯಿತು.

ಈ ಸಲ ಆ ಬೀದಿಯಲ್ಲಿ ನಿಂತಾಗ ಇನ್ನು ತಡೆಯಲಾಗಲಿಲ್ಲ. ಸವಿತಾಳನ್ನು ಅವಳ ಅಕ್ಕನ ಮನೆಗೆ ಬಿಟ್ಟು ಒಬ್ಬನೇ ಚನ್ನಪಟ್ಟಣಕ್ಕೆ ಹೋದೆ. ಇಮ್ತಿಯಾಜ್ ಕಾರ್ಖಾನೆ ಬಿಟ್ಟು ಮನೆಯ ಹಿಂದೆ ಎರಡು ಲೇಥ್ ಹಾಕಿಕೊಂಡಿದ್ದಾನೆ. ಕೂಸಿನ ಗಿಲಕಿ ಕಡೆಯುತ್ತಿದ್ದ. ತಿರುಗುವ ಮರಕ್ಕೆ ಹಳದಿ ಅರಗಿನ ಕಡ್ಡಿ ಒತ್ತಿ ಹಿಡಿದಿದ್ದ. ಕರಗಿ ಬಣ್ಣ ಹತ್ತುತ್ತಿತ್ತು. ಗಡ್ಡದಲ್ಲಿ ಬಿಳಿ ಬಂದಿದೆ. ನನ್ನನ್ನು ನೋಡಿ ನಕ್ಕ. ಹೆಂಡತಿ ರೆಹಾನಾಗೆ ಟೀ ಇಡಲು ಕೂಗಿ ಹೇಳಿದ. ನಾನು ಟೀ ಬರುವವರೆಗೂ ಕಾಯಲಿಲ್ಲ. ಯಜಮಾನರು ಕೇಳಿದ್ದು, ನಾನು ಅಂದದ್ದು, ಅನ್ನದೆ ನುಂಗಿದ್ದು, ಎಲ್ಲ ಒಂದೇ ಉಸಿರಿಗೆ ಹೇಳಿದೆ.

ಅವನು ಮೋಟಾರು ನಿಲ್ಲಿಸಿದ. ಮರ ಸುತ್ತಿ ಸುತ್ತಿ ನಿಲ್ಲುವವರೆಗೂ ಅದನ್ನೇ ನೋಡಿದ.

‘ಆವತ್ತು ನಾನೊಳಗೆ ಮಾತಾಡಿದ್ದು ನಿಂಗೆ ಮೆಟ್ಲ ಮ್ಯಾಲೆ ಕೇಳುಸ್ತು ತಾನೆ?’

‘ಹೂಂ.’

‘ನೀನೊಳಕ್ಕೋದ್ಮ್ಯಾಲೆ ಆ ಮೆಟ್ಲ ಮ್ಯಾಲೆ ಯಾರ್ಲಾ ಕುಂತಿದ್ರು?’

ಅವನೇ ಕೂತಿದ್ದ. ಏಳು ವರ್ಷದಲ್ಲಿ ಇದೊಂದನ್ನು ನಾನು ಯೋಚಿಸಿರಲಿಲ್ಲ. ಅಥವಾ ಯೋಚಿಸಲು ಬಿಟ್ಟುಕೊಂಡಿರಲಿಲ್ಲ.

‘ನಾನು ತಪ್ಪು ಹೇಳ್ದೆ ಅಂತ ನಂಗೆ ಗೊತ್ತಾಗಿದ್ದೇ ಆವಾಗ. ಅವ್ರು ನಿನ್ನ ಕೇಳುದ್ರಲ್ಲ, ಆವಾಗ,’ ಎಂದ. ‘ಲಿಂಗ ಹೇಳ್ತಾನೆ, ಈಗ ಹೇಳ್ತಾನೆ, ಶೇ ನೂ ಅಂತಾನೆ ನೋಡು ಅಂತ ಕುಂತಿದ್ದೆ.’

‘ಮತ್ಯಾಕ್ಲಾ ಅಷ್ಟು ದಿನ ಪಾಠಕ್ಕೆ ಬಂದೆ?’

‘ಅದ್ಕೇ ಬಂದೆ. ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ. ಏರ್‌ಪೋರ್ಟ್‌ಗಂಟನೂ ಬಂದೆ.’

ರೆಹಾನಾ ಟೀ ತಂದಿಟ್ಟು ಊರಿನ, ಸವಿತಾಳ ಸುದ್ದಿ ಕೇಳಿ ಒಳಗೆ ಹೋದಳು. ಕ್ಷಮಿಸು ಅನ್ನಲು ಬಾಯಿ ತೆರೆದೆ. ಅವನು ಕೈ ಎತ್ತಿ ತಡೆದ.

‘ಅದು ಬ್ಯಾಡ. ಆವತ್ತು ಹೇಳ್ಬೇಕಿತ್ತಲ್ಲ, ಅದನ್ನೇಳು. ಫ್ರೆಂಚಾಗೇ ಹೇಳು.’

ಹೇಳಿದೆ. ಅರಗಿನ ಪುಡಿ, ಮರದ ಸಿಪ್ಪೆಯ ಮಧ್ಯೆ ಒಂದು ಸ್ಟೂಲಿನ ಮೇಲೆ ಕೂತು, ಎದುರಿಗೆ ಆ ಯಜಮಾನರೇ ಇದ್ದಾರೇನೋ ಎಂಬಂತೆ ಹೇಳಿದೆ. ನಮ್ಮಲ್ಲಿ ಯಾರೂ ಹೋಗುತ್ತೇನೆ ಅನ್ನುವುದಿಲ್ಲ ಮಸ್ಯೋ. ನನ್ನ ಗೆಳೆಯ ಆಡಿದ್ದು ಮರ್ಯಾದೆಯ ಮಾತು. ಅವನು ನಿಮ್ಮಲ್ಲಿ ಬಂದು ನೆಲೆಸುತ್ತಾನೆ. ಅವನು ನನಗಿಂತ ಒಳ್ಳೆಯ ಕೆಲಸಗಾರ. ಏಳು ವರ್ಷ ಅಲ್ಲಿದ್ದವನು, ಎಲ್ಲೂ ತಡವರಿಸಲಿಲ್ಲ. ಇಮ್ತಿಯಾಜ್ ತಲೆ ತಗ್ಗಿಸಿ, ಉಗುರಿನಲ್ಲಿ ಸಿಕ್ಕಿಕೊಂಡಿದ್ದ ಹಳದಿ ಅರಗನ್ನು ಕೆರೆಯುತ್ತಾ ಕೊನೆಯವರೆಗೂ ಕೇಳಿದ.

‘ಒಂದ್ ತಪ್ಪೂ ಇಲ್ಲ ಕಣ್ಲಾ’ ಎಂದ. ಮೋಟಾರಿನ ಸ್ವಿಚ್ಚು ಹಾಕಿದ.